ಹಿಮಯುಗ, ಸಲಮಾಂಡರ್ ಮತ್ತು ನಮ್ಮ ಹಳೆ ಬಾವಿ

(ವಿಜ್ಞಾನ ಪಾಠ – 9ನೇ ತರಗತಿ ವಿದ್ಯಾರ್ಥಿಗಳಿಂದ)

ಗೆಳೆಯ ಗೆಳತಿಯರೇ, ಈ ಸಲದ ವಿಜ್ಞಾನ ಪಾಠ ಸ್ವಲ್ಪ ಉದ್ದ ಆಗಿದೆ. ಕಾಲು ನೋಯ್ತಾವಂತ ಅರ್ಧಕ್ಕೆ ಬಿಟ್ಟು ಹೋಗಬ್ಯಾಡ್ರಿ. ಕೊನೆಯಲ್ಲಿ ನಮ್ಮ ಶಾಲೆಯ ಹಿಂದಿನ ಹಳೆ ಬಾವಿಯ ಮಾತು ಇದೆ. ಅದು ಊರಿನ ಎಲ್ಲರಿಗೂ ಸಂಬಂಧಪಟ್ಟದ್ದು.

ಹೋದ ತಿಂಗಳು ಶ್ರಮದಾನದ ದಿನ ಕಾಂಪೌಂಡಿನ ಕಲ್ಲು ಸರಿಸುವಾಗ ಒಂದು ಹಾವುರಾಣಿ ಹೊರಗೆ ಬಂತು. ಒಬ್ಬ ಹುಡುಗ ಚಪ್ಪಲಿ ಎತ್ತಿದ. ಇನ್ನೊಬ್ಬ, "ಏ ಹೊಡೀಬ್ಯಾಡೋ, ಇದು ಸಲಮಾಂಡರ್ ಐತಿ, ಪುಸ್ತಕದಾಗ ಚಿತ್ರ ನೋಡೀನಿ" ಅಂದ. ಗದ್ದಲ ಕೇಳಿ ವಿಜ್ಞಾನದ ಗುರುಗಳು ಬಂದರು. "ಇದು ಸಲಮಾಂಡರ್ ಅಲ್ಲ, ಹಲ್ಲಿಯ ಜಾತಿ. ಕಚ್ಚಿದರೂ ವಿಷ ಏರೋದಿಲ್ಲ, ಬಿಟ್ಟುಬಿಡ್ರಿ" ಅಂದರು. ಆಗ ಆ ಹುಡುಗ ಕೇಳಿದ: "ಸರ್, ಹಂಗಾದ್ರ ಸಲಮಾಂಡರ್ ನಮ್ಮ ಊರಾಗ ಯಾಕಿಲ್ರಿ?"

ಗುರುಗಳು ಕೂಡಲೇ ಉತ್ತರ ಹೇಳಲಿಲ್ಲ. "ಒಳ್ಳೆ ಪ್ರಶ್ನೆ. ಇದಕ್ಕ ಹಿಮಯುಗದ ಕಥಿ ಹೇಳಬೇಕಾಗ್ತದ" ಅಂದರು. ನಾಲ್ಕು ಶನಿವಾರ ಹೇಳಿದರು. ನಾವು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇವೆ.

1. ಸಲಮಾಂಡರ್ ಅಂದರೆ ಯಾವ ಪ್ರಾಣಿ?

ನೋಡಲು ಹಲ್ಲಿಯಂತೆ ನಾಲ್ಕು ಕಾಲು, ಉದ್ದ ಬಾಲ. ಆದರೆ ಹಲ್ಲಿಗೆ ಮೈಮೇಲೆ ಹುರುಪೆ ಇದೆ, ಇದಕ್ಕೆ ಇಲ್ಲ. ಇದರ ಚರ್ಮ ಕಪ್ಪೆಯ ಚರ್ಮದಂತೆ ಹಸಿಹಸಿ. ಅದಕ್ಕೇ ಇದು ಕಪ್ಪೆಯ ಬಳಗಕ್ಕೆ, ಅಂದರೆ ಉಭಯವಾಸಿಗಳ ಗುಂಪಿಗೆ ಸೇರಿದೆ. ಜಗತ್ತಿನಲ್ಲಿ 800ಕ್ಕೂ ಹೆಚ್ಚು ಪ್ರಭೇದದ ಸಲಮಾಂಡರ್‌ಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಶ್ವಾಸಕೋಶವೇ ಇಲ್ಲ! ಚರ್ಮ ಮತ್ತು ಬಾಯಿಯ ಒಳಪದರದಿಂದಲೇ ಉಸಿರಾಡುತ್ತವೆ. ಚರ್ಮ ಒಣಗಿದರೆ ಉಸಿರು ಕಟ್ಟುತ್ತದೆ.

ಆದ್ದರಿಂದ ಸಲಮಾಂಡರ್‌ಗೆ ತಂಪು ಬೇಕು, ತೇವ ಬೇಕು. ಅದು ಹಕ್ಕಿಯಂತೆ ಹಾರಲಾರದು, ಜಿಂಕೆಯಂತೆ ಓಡಲಾರದು. ಅನೇಕ ಸಲಮಾಂಡರ್‌ಗಳು ಹುಟ್ಟಿದ ಹಳ್ಳದ ಸುತ್ತಮುತ್ತಲೇ ಬಾಳಿ ಸಾಯುತ್ತವೆ. ಈ ಎರಡು ಮಾತು ನೆನಪಿಟ್ಟುಕೊಳ್ಳಿ: ಒಣಗಿದರೆ ಬದುಕದು, ದೂರ ಹೋಗದು. ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನು ನಮ್ಮಲ್ಲಿ ಯಾಕಿಲ್ಲ ಎಂಬುದಕ್ಕೆ ಉತ್ತರ. ಸಲಮಾಂಡರ್ ವಂಶ ಬೆಳೆದದ್ದು ಭೂಮಿಯ ಉತ್ತರದ ಖಂಡಗಳಲ್ಲಿ. ಆ ಕಾಲಕ್ಕೆ ಭಾರತ ದಕ್ಷಿಣದ ಗೊಂಡ್ವಾನಾ ಭೂಖಂಡದ ತುಂಡಾಗಿತ್ತು. ಅದು ತೇಲುತ್ತಾ ಬಂದು ಏಷ್ಯಾಕ್ಕೆ ಡಿಕ್ಕಿ ಹೊಡೆದದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಉತ್ತರದ ಸಲಮಾಂಡರ್ ನಮ್ಮ ದೇಶದ ಪೂರ್ವ ಹಿಮಾಲಯದವರೆಗೆ ಮಾತ್ರ ಬಂದು ನಿಂತಿತು. ಇಂದಿಗೂ ಡಾರ್ಜಿಲಿಂಗ್ ಬೆಟ್ಟದ ಕೊಳಗಳಲ್ಲಿ ಹಿಮಾಲಯದ ಸಲಮಾಂಡರ್ ಇದೆ. 2015ರಲ್ಲಿ ವಿಜ್ಞಾನಿಗಳು ಅದನ್ನು ಬೇರೆಯೇ ಪ್ರಭೇದ ಎಂದು ಗುರುತಿಸಿ ಹೆಸರಿಟ್ಟರು. ಅಲ್ಲಿಂದ ಕೆಳಗಿನ ಬಿಸಿಲ ಬಯಲು ದಾಟಿ ಅದು ಬರಲಿಲ್ಲ. ನಮ್ಮ ರಾಯಚೂರಿನ ಬಿಸಿಲಿಗೆ ನಾವೇ ಸಾಕಾಗಿ ಹೋಗ್ತೀವಿ, ಪಾಪ ಸಲಮಾಂಡರ್ ಏನು ಮಾಡೀತು!

2. ಹಿಮಯುಗ

ಭೂಮಿ ಸೂರ್ಯನ ಸುತ್ತ ಸುತ್ತುವ ದಾರಿಯೂ ಅದರ ಓರೆಯೂ ಸಾವಿರಾರು ವರ್ಷಗಳಲ್ಲಿ ನಿಧಾನವಾಗಿ ಬದಲಾಗುತ್ತವೆ. ಸೆರ್ಬಿಯಾದ ಮಿಲಾಂಕೊವಿಚ್ ಎಂಬ ವಿಜ್ಞಾನಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಉತ್ತರದ ನಾಡುಗಳಿಗೆ ಬೇಸಿಗೆಯ ಬಿಸಿಲು ಕಡಿಮೆಯಾದಾಗ ಚಳಿಗಾಲದ ಹಿಮ ಕರಗದೆ ವರ್ಷ ವರ್ಷ ಪೇರುತ್ತಾ ಹೋಗುತ್ತದೆ. ಕಳೆದ ಸುಮಾರು 26 ಲಕ್ಷ ವರ್ಷಗಳಲ್ಲಿ ಹೀಗೆ ಅನೇಕ ಸಲ ಆಗಿದೆ.

ಕೊನೆಯ ಹಿಮಯುಗ ತುದಿಗೇರಿದ್ದು ಸುಮಾರು 21,000 ವರ್ಷಗಳ ಹಿಂದೆ. ಆಗ ಕೆನಡಾ ದೇಶದ ಬಹುಭಾಗದ ಮೇಲೆ ಹಿಮದ ಹಾಸು ಇತ್ತು. ಕೆಲವು ಕಡೆ ಅದರ ದಪ್ಪ ಸುಮಾರು 3 ಕಿಲೋಮೀಟರ್. ಯುರೋಪಿನ ಉತ್ತರವೂ ಹಿಮದ ಅಡಿಯಲ್ಲಿತ್ತು. ನೀರೆಲ್ಲ ಹಿಮವಾಗಿ ನಿಂತದ್ದರಿಂದ ಸಮುದ್ರ ಸುಮಾರು 120 ಮೀಟರ್ ಕೆಳಗೆ ಇಳಿದಿತ್ತು. ಭಾರತದಿಂದ ಶ್ರೀಲಂಕಾಕ್ಕೆ ನಡೆದು ಹೋಗಬಹುದಿತ್ತು! ಸುಮಾರು 11,700 ವರ್ಷಗಳ ಹಿಂದೆ ಆ ಯುಗ ಮುಗಿಯಿತು.

ಹಾಗಾದರೆ ದೇವದುರ್ಗ, ಮಾನ್ವಿ ಕಡೆಗೂ ಹಿಮ ಬಿದ್ದಿತ್ತೇ? ಇಲ್ಲ. ಇಲ್ಲಿ ಆದದ್ದು ಬೇರೆ. ಅದನ್ನು ಮುಂದೆ ಹೇಳುತ್ತೇವೆ.

3. ಬ್ಯಾಸಗಿಯೂ ಒಂದು ಸಣ್ಣ ಹಿಮಯುಗ

ಹಿಮ ಬಂದಾಗ ಸಲಮಾಂಡರ್ ಏನಾಯಿತು? ಇದು ತಿಳಿಯಲು ನಮ್ಮ ಊರ ಕಪ್ಪೆ ನೋಡಿದರೆ ಸಾಕು.

ಮಳೆಗಾಲದಲ್ಲಿ ಹಳ್ಳ, ಹೊಲ, ಗುಂಡಿ ಎಲ್ಲಿ ನೋಡಿದರೂ ಕಪ್ಪೆ. ರಾತ್ರಿ ನಿದ್ದಿ ಮಾಡಗೊಡಂಗಿಲ್ಲ. ಏಪ್ರಿಲ್ ಬಂತೆಂದರೆ ಹಳ್ಳ ಬತ್ತುತ್ತದೆ, ಎರೆ ಹೊಲ ಅಂಗೈ ಹಿಡಿಸುವಷ್ಟು ಬಿರುಕು ಬಿಡುತ್ತದೆ. ಆಗ ಕಪ್ಪೆ ಎಲ್ಲಿರುತ್ತವೆ? ಕೆಲವು ಮಣ್ಣಿನೊಳಗೆ ಹುದುಗುತ್ತವೆ. ಉಳಿದವು ನೀರು ಬತ್ತದ ಕೆಲವೇ ಜಾಗಗಳಲ್ಲಿ ಇರುತ್ತವೆ: ಶಾಲೆಯ ಹಿಂದಿನ ಹಳೆ ಬಾವಿ, ಗುಡಿಯ ಬಾವಿ, ಹಳ್ಳದ ಆಳದ ಮಡು. ರೋಹಿಣಿ, ಮಿರಗ ಮಳೆ ಬಿದ್ದ ಕೂಡಲೇ ಆ ಜಾಗಗಳಿಂದಲೇ ಹೊರಟು ಮತ್ತೆ ಊರ ತುಂಬ ಹರಡುತ್ತವೆ.

ಹಿಮಯುಗದಲ್ಲಿಯೂ ಹೀಗೇ ಆಯಿತು. ಆದರೆ ಅಲ್ಲಿಯ "ಬ್ಯಾಸಗಿ" ಎರಡು ತಿಂಗಳದ್ದಲ್ಲ, ಸಾವಿರಾರು ವರ್ಷದ್ದು. ಉತ್ತರದಲ್ಲಿದ್ದ ಸಲಮಾಂಡರ್‌ಗಳು ಸತ್ತವು. ದಕ್ಷಿಣದ ಕೆಲವು ಕಣಿವೆಗಳಲ್ಲಿ ಇದ್ದವು ಮಾತ್ರ ಉಳಿದವು. ಅಂಥ ಜಾಗಗಳಿಗೆ ಆಸರೆ ತಾಣ ಎನ್ನೋಣ. ಹಿಮ ಕರಗಿದ ಮೇಲೆ ಅಲ್ಲಿಂದ ಹೊರಟು, ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಉತ್ತರಕ್ಕೆ ಹರಡಿದವು.

"ಇದನ್ನ ನೋಡಿದವರು ಯಾರ್ರಿ ಸರ್?" ಎಂದು ನಾವು ಕೇಳಿದೆವು. "ಯಾರೂ ನೋಡಿಲ್ಲ. ಸಲಮಾಂಡರ್ ಮೈಯೊಳಗೇ ಬರೆದಿಟ್ಟದ್ದು ಐತಿ" ಅಂದರು ಗುರುಗಳು.

4. ಮೈಯೊಳಗಿನ ನೋಟ್‌ಬುಕ್

ಪ್ರತಿಯೊಂದು ಜೀವಿಯ ಜೀವಕೋಶದಲ್ಲಿ ಡಿಎನ್‌ಎ ಎಂಬ ಉದ್ದನೆಯ ಬರಹ ಇದೆ. ಅದರಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ತಂದೆತಾಯಿಯಿಂದ ಮಕ್ಕಳಿಗೆ ಬರುವಾಗ ಈ ಬರಹದ ನಕಲು ಆಗುತ್ತದೆ. ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಮಕ್ಕಳಿಗೂ, ಮೊಮ್ಮಕ್ಕಳಿಗೂ ಹೋಗುತ್ತದೆ.

ಗೈರುಹಾಜರಾದವರು ಗೆಳೆಯರ ನೋಟ್ಸ್ ನೋಡಿ ಬರೆದುಕೊಳ್ಳುತ್ತೇವಲ್ಲ? ಒಬ್ಬ "ತುಂಗಭದ್ರಾ" ಅನ್ನೋದನ್ನ "ತುಂಗಬದ್ರಾ" ಎಂದು ಬರೆದರೆ, ಅವನಿಂದ ಇಳಿಸಿಕೊಂಡವರೆಲ್ಲರ ನೋಟ್‌ಬುಕ್ಕಿನಲ್ಲೂ ಅದೇ ತಪ್ಪು! ತಪ್ಪು ನೋಡಿಯೇ ಗುರುಗಳು ಯಾರು ಯಾರದನ್ನು ನೋಡಿ ಬರೆದರು ಅಂತ ಹಿಡಿಯುತ್ತಾರೆ. ವಿಜ್ಞಾನಿಗಳೂ ಹೀಗೇ. ಎರಡು ಊರಿನ ಸಲಮಾಂಡರ್‌ಗಳ ಡಿಎನ್‌ಎ ಹೋಲಿಸಿ ನೋಡಿ, ಯಾವುದು ಯಾರ ಬಳಗ, ಯಾವ ಕಡೆಯಿಂದ ಬಂತು, ಬೇರೆಯಾಗಿ ಎಷ್ಟು ಕಾಲ ಆಯಿತು ಎಂದು ತಿಳಿಯುತ್ತಾರೆ.

ಒಂದು ಜಾಗದ ಪ್ರಾಣಿಗಳಲ್ಲಿ ಈ ಬರಹ ಬಗೆಬಗೆಯಾಗಿದ್ದರೆ ಅದಕ್ಕೆ ಆನುವಂಶಿಕ ವೈವಿಧ್ಯ ಎನ್ನುತ್ತಾರೆ. ಬಹಳ ಕಾಲ, ಬಹಳ ಸಂಖ್ಯೆಯಲ್ಲಿ ಬಾಳಿದ ಜಾಗದಲ್ಲಿ ವೈವಿಧ್ಯ ಹೆಚ್ಚು. ಕೆಲವೇ ಜೀವಿಗಳು ಹೋಗಿ ನೆಲೆಸಿದ ಹೊಸ ಜಾಗದಲ್ಲಿ ಕಡಿಮೆ. ಯಾಕೆ? ಕೆಳಗಿನದನ್ನು ಮಾಡಿ ನೋಡಿದರೆ ಗೊತ್ತಾಗುತ್ತದೆ.

ಮಾಡಿ ನೋಡ್ರಿ

ಬೇಕಾಗುವ ವಸ್ತುಗಳು: ಒಂದು ಡಬ್ಬಿ, 40 ಜೋಳದ ಕಾಳು, 30 ತೊಗರಿ, 20 ಕಡಲೆ, 8 ಹೆಸರು, 2 ಅಲಸಂದಿ. ಒಟ್ಟು 100.

ವಿಧಾನ: ಕಾಳು ಕಲಸಿ, ಕಣ್ಣು ಮುಚ್ಚಿ 6 ಕಾಳು ತೆಗೆಯಿರಿ. ಇವು ಹೊಸ ಊರಿಗೆ ಹೊರಟ ಸಲಮಾಂಡರ್‌ಗಳು. ಅವು ಅಲ್ಲಿ ಮರಿ ಮಾಡಿ ಹೆಚ್ಚಿದವು ಎಂದುಕೊಂಡು, ಬಂದ ಕಾಳುಗಳ ಲೆಕ್ಕದಲ್ಲೇ ಡಬ್ಬಿಯನ್ನು ಮತ್ತೆ ತುಂಬಿರಿ. (6ರಲ್ಲಿ 3 ಜೋಳ ಬಂದಿದ್ದರೆ ಡಬ್ಬಿಯಲ್ಲಿ ಅರ್ಧ ಜೋಳ.) ಮತ್ತೆ 6 ತೆಗೆಯಿರಿ. ಹೀಗೆ ಮೂರು ಸಲ.

ನಾವು ಮಾಡಿದಾಗ ಅಲಸಂದಿ ಮೊದಲ ಸಲವೇ ಹೋಯಿತು. ಎರಡನೇ ಸಲಕ್ಕೆ ಹೆಸರು ಹೋಯಿತು. ಮೂರನೇ ಸಲಕ್ಕೆ ಜೋಳ, ತೊಗರಿ ಎರಡೇ ಉಳಿದವು. ಅಲಸಂದಿಯನ್ನು ಯಾರೂ ಬೇಕಂತ ಬಿಟ್ಟಿಲ್ಲ. ಅದು ಕೆಟ್ಟ ಕಾಳೂ ಅಲ್ಲ. ಕೈಗೆ ಬರಲಿಲ್ಲ, ಅಷ್ಟೇ. ಮತ್ತು ಒಮ್ಮೆ ಹೋದದ್ದು ಡಬ್ಬಿ ಎಷ್ಟು ತುಂಬಿದರೂ ತಿರುಗಿ ಬರಲಿಲ್ಲ. ಇದನ್ನು ನೆನಪಿಡಿ.

5. ಯುರೋಪಿನ ಸಲಮಾಂಡರ್ ಹೇಳಿದ ಕಥೆ

ಯುರೋಪಿನಲ್ಲಿ ಬೆಂಕಿ ಸಲಮಾಂಡರ್ ಎಂಬುದಿದೆ. ಕಪ್ಪು ಮೈ, ಹಳದಿ ಚುಕ್ಕೆ. ಒಲೆಗೆ ಹಾಕಿದ ಕೊರಡಿನೊಳಗಿಂದ ಅದು ಹೊರಬರುವುದನ್ನು ನೋಡಿ, ಅದು ಬೆಂಕಿಯಲ್ಲೇ ಹುಟ್ಟುತ್ತದೆ ಎಂದು ಹಿಂದಿನವರು ನಂಬಿದ್ದರು. ನಾವು ಹಾವುರಾಣಿಗೆ ವಿಷ ಐತಿ ಅಂತ ನಂಬಿದ ಹಾಗೆ!

2000ನೇ ಇಸವಿಯಲ್ಲಿ ಜರ್ಮನಿಯ ವಿಜ್ಞಾನಿಗಳು ಇದರ ಡಿಎನ್‌ಎ ನೋಡಿದರು. ದಕ್ಷಿಣದ ಸ್ಪೇನ್, ಪೋರ್ಚುಗಲ್ ಕಡೆ ಬಗೆಬಗೆಯ ವಂಶಗಳು. ಆದರೆ ಮಧ್ಯ ಯುರೋಪಿನ ಅಷ್ಟು ದೊಡ್ಡ ನೆಲದಲ್ಲಿ ಮುಖ್ಯವಾಗಿ ಎರಡೇ ವಂಶ. ಒಂದು ಪಶ್ಚಿಮದ ಆಸರೆ ತಾಣದಿಂದ ಬಂದದ್ದು, ಇನ್ನೊಂದು ಪೂರ್ವದಿಂದ ಬಂದದ್ದು. ಮಿಕ್ಕ ವಂಶಗಳು ತಮ್ಮ ತಮ್ಮ ಬೆಟ್ಟದಲ್ಲಿಯೇ ಉಳಿದವು.

ಪೋರ್ಚುಗಲ್‌ನಲ್ಲಿ ಬಂಗಾರದ ಪಟ್ಟೆಯ ಸಲಮಾಂಡರ್ ಇದೆ. ಅಲ್ಲಿಯ ಮೊಂಡೆಗೊ ನದಿಯ ಸೀಮೆಯಲ್ಲಿ ಅದರ ವೈವಿಧ್ಯ ಹೆಚ್ಚು. ಉತ್ತರಕ್ಕೆ ಸ್ಪೇನ್ ಕಡೆ ಹೋದಂತೆ ಕಡಿಮೆ ಆಗುತ್ತಾ ಹೋಗುತ್ತದೆ. ನಮ್ಮ ಕಾಳಿನ ಡಬ್ಬಿಯ ಹಾಗೆಯೇ, ಮುಂದೆ ಮುಂದೆ ಹೋದಂತೆ ಬಣ್ಣ ಕಡಿಮೆ. ಇಂಗ್ಲೆಂಡಿನ ವಿಜ್ಞಾನಿ ಗಾಡ್‌ಫ್ರೆ ಹೆವಿಟ್ ಅವರು ಯುರೋಪಿನ ಅನೇಕ ಪ್ರಾಣಿ, ಗಿಡಗಳಲ್ಲಿ ಇದೇ ರೀತಿ ಇದೆ ಎಂದು ತೋರಿಸಿದರು. ಅಮೆರಿಕದಲ್ಲಿಯೂ ಹಾಗೆಯೇ. ಹಿಮ ಮುಟ್ಟದ ದಕ್ಷಿಣ ಅಪಲೇಚಿಯನ್ ಬೆಟ್ಟಗಳು ಇಂದು ಸಲಮಾಂಡರ್‌ಗಳ ತವರುಮನೆ. ಹಿಮದಡಿ ಇದ್ದ ಕೆನಡಾದಲ್ಲಿ ಕೆಲವೇ ಪ್ರಭೇದಗಳು.

6. ನಮ್ಮ ಕರ್ನಾಟಕದಲ್ಲಿ ಏನಾಯಿತು?

ನಮ್ಮಲ್ಲಿ ಹಿಮ ಬೀಳಲಿಲ್ಲ, ಆದರೆ ಮಳೆ ಕಡಿಮೆ ಆಯಿತು. ಭೂಮಿ ತಂಪಾದಾಗ ಸಮುದ್ರದಿಂದ ಬರುವ ಮುಂಗಾರು ಸೊರಗಿತು. ಇದು ಹೇಗೆ ಗೊತ್ತಾಯಿತು ಎಂಬುದು ನಮ್ಮ ರೈತರ ಮಕ್ಕಳಿಗೆ ಖುಷಿ ಕೊಡುವ ಸಂಗತಿ.

ಜೋಳ ಮತ್ತು ಭತ್ತ ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಬೇರೆ ಬೇರೆ. ಜೋಳ, ಕಬ್ಬು ಮತ್ತು ಬಿಸಿಲು ನಾಡಿನ ಅನೇಕ ಹುಲ್ಲುಗಳದ್ದು ಒಂದು ಬಗೆ. ಭತ್ತ ಮತ್ತು ಕಾಡಿನ ಮರಗಳದ್ದು ಇನ್ನೊಂದು ಬಗೆ. ಅವು ಕೊಳೆತು ಮಣ್ಣಾದ ಮೇಲೂ ಇಂಗಾಲದ ಗುರುತು ಉಳಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗು ನೆಲದ ಕಪ್ಪು ಮಣ್ಣಿನ ಪದರಗಳನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 18,000 ವರ್ಷದ ಹಿಂದಿನ ಪದರದಲ್ಲಿ "ಜೋಳದ ಬಗೆಯ" ಹುಲ್ಲಿನ ಗುರುತು ಹೆಚ್ಚು, ಅಂದರೆ ಒಣ ಕಾಲ. ಹಿಮಯುಗ ಮುಗಿದ ಮೇಲಿನ ಪದರದಲ್ಲಿ "ಭತ್ತದ ಬಗೆ" ಹೆಚ್ಚು, ಅಂದರೆ ಮಳೆ ಚೆನ್ನಾಗಿ ಬಂದ ಕಾಲ.

ಒಣ ಕಾಲದಲ್ಲಿ ಸಹ್ಯಾದ್ರಿಯ ತೇವದ ಕಾಡು ಕುಗ್ಗುತ್ತದೆ. ಮಳೆ ಬಂದಾಗ ಹಿಗ್ಗುತ್ತದೆ. ಕಾಡು ಕುಗ್ಗಿದಾಗ ಅದರೊಳಗಿನ ಕಪ್ಪೆಗಳು ಬೆಟ್ಟಬೆಟ್ಟಕ್ಕೆ ಬೇರೆಯಾಗಿ ಬಿಡುತ್ತವೆ. ನಡುವಿನ ಒಣ ಕಣಿವೆ ದಾಟಲಾರವು. ಬೇರೆಯಾದ ಗುಂಪುಗಳ "ನಕಲು ತಪ್ಪು"ಗಳು ಬೇರೆ ಬೇರೆ ಆಗುತ್ತಾ, ಬಹಳ ಕಾಲದ ಮೇಲೆ ಬೇರೆ ಪ್ರಭೇದವೇ ಆಗಬಹುದು.

ಸಹ್ಯಾದ್ರಿಯ ಪೊದೆಗಪ್ಪೆಗಳು ಇದಕ್ಕೆ ಒಳ್ಳೆಯ ಉದಾಹರಣೆ. ಹೆಬ್ಬೆರಳಿನಷ್ಟು ಸಣ್ಣವು. ಇವುಗಳ ಮೊಟ್ಟೆಯಿಂದ ಗೊದಮೊಟ್ಟೆ ಬರುವುದಿಲ್ಲ, ನೇರವಾಗಿ ಪುಟ್ಟ ಕಪ್ಪೆಯೇ ಬರುತ್ತದೆ! ಆದ್ದರಿಂದ ಕೆರೆ ಬೇಡ, ಆದರೆ ಗಾಳಿಯಲ್ಲಿ ತೇವ ಬೇಕೇ ಬೇಕು. ಇವುಗಳ ಕುಲಕ್ಕೆ ರಾವರ್ಕೆಸ್ಟಿಸ್ ಎಂದು 2010ರಲ್ಲಿ ಹೆಸರಿಟ್ಟರು. ಅದರಲ್ಲಿರುವ "ರಾವ್" ನಮ್ಮವರೇ: ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾ, 1937ರಲ್ಲಿ ಅನೇಕ ಕಪ್ಪೆಗಳನ್ನು ಜಗತ್ತಿಗೆ ಪರಿಚಯಿಸಿದ ಸಿ. ಆರ್. ನಾರಾಯಣ ರಾವ್ ಅವರು.

ಎಸ್. ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮತ್ತು ಸಂಗಡಿಗರು ಸಹ್ಯಾದ್ರಿಯ ಬೆಟ್ಟ ಬೆಟ್ಟ ಅಲೆದು ಪೊದೆಗಪ್ಪೆಗಳ ಡಿಎನ್‌ಎ ಹೋಲಿಸಿದರು. ಹಳೆಯ ಹಿಮಯುಗಗಳು, ಬೆಟ್ಟದ ಎತ್ತರ, ಬೆಟ್ಟಗಳ ನಡುವಿನ ಕಣಿವೆ – ಈ ಎಲ್ಲವೂ ಸೇರಿ ಇಷ್ಟು ಬಗೆಯ ಕಪ್ಪೆಗಳಾದವು ಎಂದು 2016ರಲ್ಲಿ ತಿಳಿಸಿದರು. ಎಲ್ಲ ಬೇರ್ಪಾಟೂ ಕೊನೆಯ ಹಿಮಯುಗದ್ದಲ್ಲ. ಕೆಲವು ಲಕ್ಷಗಟ್ಟಲೆ, ಕೆಲವು ಕೋಟಿಗಟ್ಟಲೆ ವರ್ಷ ಹಿಂದಿನವು. ಯುರೋಪಿನಲ್ಲಿ ಹಿಮ ಮಾಡಿದ ಕೆಲಸವನ್ನು ನಮ್ಮಲ್ಲಿ ಬರ ಮಾಡಿತು ಎಂದು ನಾವು ಅರ್ಥ ಮಾಡಿಕೊಂಡೆವು.

7. ಹಾಗಾದರೆ ನಮ್ಮ ಹೊಲದ ಕಪ್ಪೆ?

ನಮ್ಮ ಬಯಲಿನ ನೆಲಗಪ್ಪೆ, ಗೊಂಕರುಗಪ್ಪೆ ಭಾರತದ ಬಹುಭಾಗದಲ್ಲಿ ಇವೆ. ಇವು ಬಿಸಿಲು ತಡೆಯುತ್ತವೆ, ಮಣ್ಣಲ್ಲಿ ಹುದುಗಿ ಮಳೆಗೆ ಕಾಯುತ್ತವೆ. ನೆಲಗಪ್ಪೆಯ ಚರ್ಮ ಒರಟು, ಬೇಗ ಒಣಗುವುದಿಲ್ಲ. ಕಾಲುವೆಯ ನೀರು ಬಂದ ಕಡೆ ಗದ್ದೆಯಿಂದ ಗದ್ದೆಗೆ ಹೋಗುತ್ತವೆ. ಒಣ ನೆಲ ದಾಟಬಲ್ಲ ಕಪ್ಪೆ ದೇಶವೆಲ್ಲ ಹರಡಿತು. ದಾಟಲಾರದ ಕಪ್ಪೆ ಬೆಟ್ಟಕ್ಕೊಂದು ಬಗೆ ಆಯಿತು. ಒಂದೇ ಬರ ಇಬ್ಬರಿಗೂ ಬೇರೆ ಬೇರೆ ಪಾಠ ಕಲಿಸಿತು.

ಈಗಿನ ಕಷ್ಟ ಏನೆಂದರೆ ಭೂಮಿ ಈಗ ಬಿಸಿ ಆಗುತ್ತಿದೆ. ಹಿಂದೆ ಕಾಲ ಕೆಟ್ಟಾಗ ತಂಪು ಜೀವಿಗಳು ಮೆಲ್ಲಗೆ ಸರಿಯಲು ಸಾವಿರಾರು ವರ್ಷ ಇತ್ತು, ನಡುವೆ ಕಾಡೂ ಇತ್ತು. ಈಗ ಸಮಯವೂ ಇಲ್ಲ, ನಡುವೆ ರಸ್ತೆ, ತೋಟ, ಊರು. ಬೆಟ್ಟದ ತುದಿಯಲ್ಲಿ ಇರುವ ಕಪ್ಪೆ ಅದಕ್ಕಿಂತ ಮೇಲೆ ಎಲ್ಲಿ ಹೋಗಬೇಕು? ರೋಗವೂ ಇದೆ. 2013ರಲ್ಲಿ ಸಲಮಾಂಡರ್‌ಗಳನ್ನು ಕೊಲ್ಲುವ ಹೊಸ ಶಿಲೀಂಧ್ರವೊಂದನ್ನು ವಿಜ್ಞಾನಿಗಳು ಗುರುತಿಸಿದರು. ನೆದರ್ಲೆಂಡ್ಸ್ ದೇಶದ ಬೆಂಕಿ ಸಲಮಾಂಡರ್‌ಗಳು ಅದರಿಂದ ಹೆಚ್ಚುಕಡಿಮೆ ನಾಶವಾದವು. ಬಗೆಬಗೆ ಇದ್ದಲ್ಲಿ ಕೆಲವಾದರೂ ರೋಗ ತಡೆದು ಉಳಿಯುವ ಆಸೆ ಇರುತ್ತದೆ. ಎಲ್ಲವೂ ಒಂದೇ ಆದರೆ ಆ ಆಸೆ ಕಡಿಮೆ. ಹೊಲದಲ್ಲಿ ಒಂದೇ ಬೀಜ ಹಾಕಿ ರೋಗ ಬಂದಾಗ ಏನಾಗುತ್ತದೆ ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿರಿ.

8. ಕೊನೆಯ ಮಾತು: ಹಳೆ ಬಾವಿ

ಶಾಲೆಯ ಹಿಂದಿನ ಬಾವಿಯನ್ನು ಕಲ್ಲು, ಕಸ ಹಾಕಿ ಮುಚ್ಚಬೇಕೆಂಬ ಮಾತು ಊರಲ್ಲಿ ನಡೆದಿದೆ. ನಮಗೆ ಮೊದಲು ಸರಿ ಅನ್ನಿಸಿತ್ತು. "ಹುಡುಗ್ರು ಬಿದ್ರ ಯಾರು ಜವಾಬ್ದಾರಿ?" ಎಂದು ಹಿರಿಯರು ಕೇಳುವುದು ಸುಳ್ಳಲ್ಲ. ನೀರು ಈಗ ನಲ್ಲಿಯಲ್ಲಿ ಬರುತ್ತದೆ, ಬಾವಿಯ ನೀರು ಯಾರೂ ಕುಡಿಯುವುದಿಲ್ಲ.

ಈ ಪಾಠ ಆದ ಮೇಲೆ ಒಂದು ಸಂಜೆ ಗುರುಗಳ ಜೊತೆ ಹೋಗಿ ದೂರದಿಂದ ಬಾವಿ ನೋಡಿದೆವು. ಹಳ್ಳ ಪೂರ್ತಿ ಬತ್ತಿದೆ. ಆದರೆ ಬಾವಿಯ ಮೆಟ್ಟಿಲಿನ ಸಂದಿಯಲ್ಲಿ ಕಪ್ಪೆಗಳಿದ್ದವು. ನಾವು ಎಣಿಸಿದಷ್ಟು 23. ಅವು ಅಪರೂಪದ ಕಪ್ಪೆಗಳಲ್ಲ, ಸಾದಾ ಕಪ್ಪೆಗಳೇ. ಅವು ಹೋದರೆ ಜಗತ್ತಿನಿಂದ ಒಂದು ಪ್ರಭೇದ ಹೋಗುವುದಿಲ್ಲ. ಸುಳ್ಳು ಹೇಳಬಾರದು. ಆದರೆ ಮಿರಗ ಮಳೆ ಬಿದ್ದಾಗ ಈ ಕಡೆಯ ಹೊಲಗಳಿಗೆ ಹುಳ ತಿನ್ನಲು ಹೋಗುವುದು ಇವೇ, ಇವುಗಳ ಮರಿಗಳೇ.

ಸಲಮಾಂಡರ್ ಕಥೆಯಿಂದ ನಾವು ಕಲಿತದ್ದು ಇಷ್ಟು: ಒಳ್ಳೆಯ ಕಾಲದಲ್ಲಿ ಎಲ್ಲ ಜಾಗವೂ ಹಸಿರು, ಯಾವ ಜಾಗ ಮುಖ್ಯ ಅಂತ ಗೊತ್ತಾಗುವುದಿಲ್ಲ. ಕೆಟ್ಟ ಕಾಲದಲ್ಲಿ ಉಳಿಸಿದ ಜಾಗವೇ ಮುಖ್ಯ. ಅದು ದೊಡ್ಡದಿರಬೇಕು ಅಂತೇನಿಲ್ಲ.

ಅದಕ್ಕೆ 9ನೇ ತರಗತಿಯ ನಾವೆಲ್ಲ ಸಹಿ ಮಾಡಿ ಊರ ಹಿರಿಯರಿಗೂ ಪಂಚಾಯಿತಿಗೂ ಒಂದು ವಿನಂತಿ ಬರೆದಿದ್ದೇವೆ. ಬಾವಿ ಮುಚ್ಚಬೇಡಿ. ಸುತ್ತ ಎದೆಮಟ್ಟ ಗೋಡೆ ಕಟ್ಟಿಸಿ, ಮೇಲೆ ಕಬ್ಬಿಣದ ಜಾಳಿಗೆ ಹಾಕಿಸಿ. ಗೋಡೆಯ ಬುಡದಲ್ಲಿ ಕಪ್ಪೆ ಹೋಗಿಬರಲು ಸಣ್ಣ ಕಿಂಡಿ ಬಿಡಿ. ಕಸ ಹಾಕದಂತೆ ನಾವು ನೋಡಿಕೊಳ್ಳುತ್ತೇವೆ. ಸಹಿ ಮಾಡುವ ಮನಸ್ಸಿದ್ದವರು 8ನೇ, 10ನೇ ತರಗತಿಯವರೂ ಬರಬಹುದು. ಹಾಳೆ ವಿಜ್ಞಾನದ ಗುರುಗಳ ಹತ್ತಿರ ಇದೆ.

ನೆನಪಿಡಿ

* ಸಲಮಾಂಡರ್ ಹಲ್ಲಿಯಲ್ಲ, ಉಭಯವಾಸಿ. ಹಾವುರಾಣಿ ಹಲ್ಲಿಯ ಜಾತಿ, ವಿಷವಿಲ್ಲ.
* ಆಸರೆ ತಾಣದಲ್ಲಿ ವೈವಿಧ್ಯ ಹೆಚ್ಚು, ಹೊಸದಾಗಿ ಹರಡಿದ ಕಡೆ ಕಡಿಮೆ.
* ಕಳೆದುಹೋದ ವೈವಿಧ್ಯ, ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ತಿರುಗಿ ಬರುವುದಿಲ್ಲ.

ಉತ್ತರ ಬರೆಯಿರಿ

1. ಸಲಮಾಂಡರ್ ಹಕ್ಕಿಯಂತೆ ಹಾರುವ ಪ್ರಾಣಿ ಆಗಿದ್ದರೆ ಈ ಕಥೆ ಹೇಗೆ ಬದಲಾಗುತ್ತಿತ್ತು?
2. ಕಾಳಿನ ಆಟದಲ್ಲಿ 6ರ ಬದಲು 50 ಕಾಳು ತೆಗೆದರೆ ಏನಾಗುತ್ತದೆ? ಮಾಡಿ ನೋಡಿ ಬರೆಯಿರಿ.
3. ನಿಮ್ಮ ಓಣಿಯಲ್ಲಿ ಬೇಸಿಗೆಯಲ್ಲೂ ನೀರು ಬತ್ತದ ಜಾಗ ಯಾವುದು? ಅಲ್ಲಿ ಯಾವ ಯಾವ ಪ್ರಾಣಿಗಳಿವೆ?

ಉತ್ತರವನ್ನು ಬರುವ ಶನಿವಾರದ ಒಳಗೆ ಪತ್ರಿಕೆಯ ಡಬ್ಬಿಗೆ ಹಾಕಿರಿ. ಮೂರನೆಯ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಊರಿನ ನಕಾಶೆ ಬರೆಯುತ್ತೇವೆ. ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯರು ಕ್ಷಮಿಸಬೇಕು.